‘ಎಲ್ಲಾ ದುಡ್ಡಿನಾಟ’ ಅಂದ್ಬಿಟ್ರೆ ಮುಗೀತಾ?

(ರಾಜಾಜಿನಗರದ ಓದುಗರೊಬ್ರ ಪತ್ರ: “ಸರ್ಕಾರದ ನೀತಿ ಯಾಕೆ ಬದಲಾಗುತ್ತೆ ಅನ್ನೋದನ್ನ ಸಂಶೋಧಕರು ಥಿಯರಿ ಇಟ್ಕೊಂಡು ವಿವರಿಸ್ತಾರೆ ಅಂತ ಹೋದ ಸಂಚಿಕೆಲಿ ಬರೆದಿದ್ರಿ. ಇಲ್ಲಿ ಎಲ್ಲಾ ದುಡ್ಡು, ಕಂಟ್ರಾಕ್ಟರ್ ಲಾಬಿ. ಅಮೆರಿಕದವರ ಥಿಯರಿ ನಮಗ್ಯಾಕೆ?”)

ನಮಸ್ಕಾರ ಸಾರ್. ಲಾಬಿ ಇಲ್ಲ ಅಂತ ನಾನಂತೂ ಹೇಳಲ್ಲ. ಆದ್ರೆ ಬೆಂಗಳೂರಿನ ಕಸದ ವಿಷಯಾನೇ ತಗೊಳ್ಳಿ, ಲಾಬಿ ಮುಂಚೆನೂ ಇತ್ತು ಆಮೇಲೂ ಇತ್ತು, ಹಂಗಿದ್ಮೇಲೆ ಮನೇಲೇ ಕಸ ಬೇರೆ ಮಾಡಿ ಕೊಡಿ ಅನ್ನೋ ನಿಯಮ 2012ರಲ್ಲೇ ಯಾಕೆ ಅಷ್ಟು ಜೋರಾಗಿ ಬಂತು? ಯಾವಾಗ್ಲೂ ಇರೋ ಕಾರಣ ಯಾವುದೋ ಒಂದೇ ವರ್ಷದಲ್ಲಿ ಆದ ಬದಲಾವಣೆಗೆ ಉತ್ತರ ಆಗಲ್ಲ. ಥಿಯರಿ ಬೇಕಾಗೋದು ಅಲ್ಲೇ.

ಅಮೆರಿಕದ ರಾಜಕೀಯ ಸಂಶೋಧಕ ಜಾನ್ ಕಿಂಗ್ಡನ್ 1984ರಲ್ಲಿ ಹೇಳಿದ್ದು ಇಷ್ಟು: ಸಮಸ್ಯೆ, ಪರಿಹಾರ, ರಾಜಕೀಯ ಮೂರೂ ತಮ್ಮ ಪಾಡಿಗೆ ತಾವು ಹರೀತಿರುತ್ತೆ, ಯಾವಾಗ್ಲೋ ಒಂದ್ಸಲ ಸೇರಿದಾಗ ನೀತಿ ಬದಲಾಗೋ ಅವಕಾಶದ ಕಿಟಕಿ ತೆರೆಯುತ್ತೆ, ಬೇಗ ಮುಚ್ಚಿಯೂ ಹೋಗುತ್ತೆ. 2012ರಲ್ಲಿ ಬೆಂಗಳೂರಿನ ಹೊರಗಿನ ಮಾವಳ್ಳಿಪುರದ ಕಸದ ಗುಂಡಿ ಬಂದ್ ಆಯ್ತು, ನಗರದ ಕಸ ಸುರೀತಿದ್ದ ಇನ್ನೊಂದು ಹಳ್ಳಿ ಮಂಡೂರಿನ ಜನ ತಿರುಗಿಬಿದ್ರು, ಬೀದಿ ಬೀದೀಲಿ ಕಸ ಕೊಳೀತು, ಗಾರ್ಡನ್ ಸಿಟಿ ಗಾರ್ಬೇಜ್ ಸಿಟಿ ಆಯ್ತು ಅಂತ ಪೇಪರಲ್ಲಿ ಬಂತು, ಸರ್ಕಾರಕ್ಕೆ ಏನಾದ್ರೂ ಮಾಡ್ಲೇಬೇಕಾಯ್ತು. ಪರಿಹಾರ ಮಾತ್ರ ಅವತ್ತು ಹುಟ್ಟಿದ್ದಲ್ಲ. ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್ ಅನ್ನೋ ಬೆಂಗಳೂರಿನ ನಾಗರಿಕರ ಗುಂಪಿನವರು 2009ರಿಂದ್ಲೇ ಹಸಿಕಸ, ಒಣಕಸ ಅಂತ ಹೇಳ್ಕೊಂಡು ಬರ್ತಿದ್ರು. ಒಂದೇ ನಂಬಿಕೆ ಇರೋ ಜನ ವರ್ಷಗಟ್ಟಲೆ ಒಟ್ಟಿಗೆ ಅಂಟ್ಕೊಂಡು ಒತ್ತಡ ತರ್ತಾರೆ ಅಂತ ಇನ್ನೊಬ್ಬ ಸಂಶೋಧಕ ಪಾಲ್ ಸಬಾಟಿಯೆ ಹೇಳೋದೂ ಇಂಥ ಗುಂಪುಗಳ ಬಗ್ಗೆನೇ.

ಇನ್ನು ಬಾಮ್‌ಗಾರ್ಟ್ನರ್ ಮತ್ತೆ ಜೋನ್ಸ್ ಅನ್ನೋ ಇಬ್ಬರು ಸಂಶೋಧಕರು 1993ರಲ್ಲಿ ಬರೆದಿದ್ದು ನನಗೆ ಜಾಸ್ತಿ ಹಿಡಿಸುತ್ತೆ. ನೀತಿ ಎಷ್ಟೋ ವರ್ಷ ಅಲ್ಲಾಡದೆ ಕೂತಿರುತ್ತೆ, ಜನ ಆ ವಿಷಯಾನ ನೋಡೋ ರೀತಿ ಬದಲಾಗಿ, ಜೊತೆಗೆ ತೀರ್ಮಾನ ಮಾಡೋ ಜಾಗಾನೂ ಬದಲಾದ್ರೆ ದಿಢೀರ್ ಅಂತ ಜರುಗುತ್ತೆ. ಲಾರಿ, ಟೆಂಡರ್ ವಿಷಯ ಆಗಿದ್ದ ಕಸ ಹಳ್ಳಿಯವರ ಆರೋಗ್ಯದ ವಿಷಯ ಆಯ್ತು, ಪಾಲಿಕೆಯಿಂದ ಹೈಕೋರ್ಟ್‌ಗೆ ಹೋಯ್ತು, 2015ರ ಡಿಸೆಂಬರಲ್ಲಿ ಕೋರ್ಟೇ ಎರಡು ಬಿನ್ ಒಂದು ಬ್ಯಾಗ್ ಅಂತ ಆದೇಶ ಕೊಡ್ತು. ಹಸಿಕಸಕ್ಕೆ ಹಸಿರು ಬಿನ್, ಡಯಾಪರ್ ಪ್ಯಾಡ್ ಥರದ್ದಕ್ಕೆ ಕೆಂಪು, ಒಣಕಸಕ್ಕೆ ಬ್ಯಾಗ್.

ನಿಮ್ಮ ‘ಅಮೆರಿಕ’ದ ಮಾತಲ್ಲಿ ನಿಜಾನೂ ಇದೆ. ಕಿಂಗ್ಡನ್ ಮಾತಾಡಿಸಿದ್ದು ವಾಷಿಂಗ್ಟನ್‌ನಲ್ಲಿ ಆರೋಗ್ಯ, ಸಾರಿಗೆ ನೀತಿ ನೋಡ್ಕೊಳ್ಳೋರನ್ನ. ಅವರ ಲೆಕ್ಕದಲ್ಲಿ ಮಂಡೂರು ಬರೀ ‘ಸಮಸ್ಯೆ’ಯ ಕಾಲಮ್ಮಿಗೆ ಹೋಗ್ಬಿಡುತ್ತೆ. ನನ್ನ ಪ್ರಕಾರ ಇಲ್ಲಿ ಕಿಟಕಿ ತೆರೆದಿದ್ದೇ ಆ ಊರಿನವರು, ಅಧಿಕಾರಿಗಳೂ ಅಲ್ಲ ಎಕ್ಸ್‌ಪರ್ಟ್‌ಗಳೂ ಅಲ್ಲ, ಅವರನ್ನ ಬಿಟ್ಟು ಈ ಕಥೆ ಬರೆದ್ರೆ ಅದು ಅನ್ಯಾಯ. ನಮ್ಮ ಸಂಶೋಧಕರು ಥಿಯರೀನ ತಿದ್ದಬೇಕಾಗಿರೋದು ಅಲ್ಲಿ, ಬಿಸಾಕೋದಲ್ಲ.

ಆದೇಶ ಬಂದ್ಮೇಲೆ ಏನಾಗುತ್ತೆ ಅನ್ನೋದಕ್ಕೆ ಮೈಕಲ್ ಲಿಪ್ಸ್ಕಿ ಅನ್ನೋ ಸಂಶೋಧಕರು 1980ರಲ್ಲಿ ಬರೆದಿದ್ದು ಬೇಕು. ಬೀದೀಲಿ ನಿಂತು ಕೆಲಸ ಮಾಡೋರು ಹೇಗೆ ಮಾಡ್ತಾರೋ ಅದೇ ಕೊನೆಗೆ ನೀತಿ ಅಂತಾರೆ ಅವ್ರು. ಬೆಳಿಗ್ಗೆ ಕಸದ ಆಟೋ ಬಂದಾಗ ಹೊರಗೆ ನಿಂತು ನೋಡಿ: ನಾವು ಬೇರೆ ಮಾಡಿ ಕೊಟ್ಟಿದ್ದು ಬೇರೆಬೇರೆಯಾಗೇ ಹೋಗುತ್ತಾ ಇಲ್ಲ ಒಂದೇ ಕಡೆ ಬೀಳುತ್ತಾ, ಬಿದ್ರೆ ಆಟೋದಲ್ಲಿ ಜಾಗ ಇಲ್ವಾ, ಅವರಿಗೆ ಟೈಮ್ ಇಲ್ವಾ, ಇಲ್ಲ ನಮ್ಮ ಬೀದಿಯವರೇ ಕಲಸಿ ಕೊಡ್ತಿದ್ದಾರಾ. ಕೆಲಸದೋರನ್ನೇ ಕೇಳಿ. ಕಂಡಿದ್ದನ್ನ ಬರೆದು ಕಳಿಸಿ ಸಾರ್, ಲಾಬಿ ಬಗ್ಗೆ ಗೊತ್ತಿರೋದನ್ನೂ ಸೇರಿಸಿ, ಮುಂದಿನ ಸಂಚಿಕೆಲಿ ಹಾಕ್ತೀವಿ.

– ಸಂಪಾದಕ