ಸಂಪಾದಕರ ಉತ್ತರ: ಕಡಲತೀರ ತುಂಬಿಸಿದ ಲೀಗು ಮುಚ್ಚಿದ್ದೇಕೆ?

ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧದ ಗೇಮಿನ ಕೊರಿಯಾದ ಪ್ರೊಲೀಗ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಸ್ಟಾರ್‌ಲೀಗ್ ಮತ್ತು ಪ್ರೊಲೀಗ್ ಎರಡನ್ನೂ ಒಂದೇ ಎಂಬಂತೆ ನಾವು ಬರೆದದ್ದು ತಪ್ಪು ಎಂದು ತೋರಿಸಿದ್ದಾರೆ. ಜೊತೆಗೆ ಎರಡು ಪ್ರಶ್ನೆ ಕೇಳಿದ್ದಾರೆ. ಬುಸಾನ್‌ನ ಕಡಲತೀರದಲ್ಲಿ ಲಕ್ಷ ಜನ ಸೇರಿದ್ದ ಲೀಗು 2016ರಲ್ಲಿ ಬಾಗಿಲು ಹಾಕಿದ್ದೇಕೆ? ಆರು ಕಾಲೇಜುಗಳ ನಡುವೆ ಇದೇ ಗೇಮಿನ ಲೀಗು ನಡೆಸಬೇಕೆಂದಿರುವ ತಾವು ಅಲ್ಲಿಂದ ಏನು ತೆಗೆದುಕೊಳ್ಳಬಹುದು?

ಮಾನ್ಯರೇ, ತಪ್ಪು ನಮ್ಮದೇ. ಸ್ಟಾರ್‌ಲೀಗ್ ವೈಯಕ್ತಿಕ ಪಂದ್ಯಾವಳಿ. 1999ರಲ್ಲಿ ಒಂದು ಕಾರ್ಟೂನ್ ಚಾನೆಲ್‌ನಲ್ಲಿ ಶುರುವಾದ ಪ್ರಸಾರ, 2000ದಲ್ಲಿ ಆನ್‌ಗೇಮ್‌ನೆಟ್ ಎಂಬ ಪ್ರತ್ಯೇಕ ಗೇಮ್ ಚಾನೆಲ್ ಆಯಿತು. ಗೆದ್ದವನ ಹೆಸರು ಉಳಿಯುತ್ತಿದ್ದದ್ದು ಅಲ್ಲಿ. ಪ್ರೊಲೀಗ್ ತಂಡಗಳ ಲೀಗು, ಹುಟ್ಟಿದ್ದು 2003ರಲ್ಲಿ. ಎಂಬಿಸಿ ಗೇಮ್ ಚಾನೆಲ್ ತನ್ನದೇ ಟೀಮ್ ಲೀಗ್ ನಡೆಸುತ್ತಿತ್ತು. 2005ರಲ್ಲಿ ಎರಡೂ ಒಂದಾದವು. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಸ್ಟಾರ್‌ಲೀಗ್‌ಗೆ ಒಬ್ಬ ಆಟಗಾರ, ಒಂದು ಚಾನೆಲ್ ಸಾಕು. ಪ್ರೊಲೀಗ್‌ಗೆ ಹತ್ತು ಹನ್ನೆರಡು ತಂಡ ಬೇಕು. ತಂಡವೆಂದರೆ ಹುಡುಗರು ಒಟ್ಟಿಗೆ ಉಳಿಯುವ ಮನೆ, ಕೋಚ್, ಊಟ, ಸಂಬಳ. ಈ ಖರ್ಚನ್ನು ಯಾರು ಹೊತ್ತರು ಎಂಬುದರಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ.

ಗ್ವಾಂಗಲ್ಲಿ ಕಡಲತೀರದ ಆ ಪಂದ್ಯ ನಡೆದದ್ದು 2004ರ ಜುಲೈ 17ರಂದು. ಹನ್‌ಬಿಟ್ ಸ್ಟಾರ್ಸ್ ಮತ್ತು ಎಸ್‌ಕೆ ಟೆಲಿಕಾಂ ಟಿ1 ನಡುವಿನ ಫೈನಲ್. ಸೇರಿದವರು ಒಂದು ಲಕ್ಷ ಎಂದು ಆಗ ಸುದ್ದಿಯಾಯಿತು. ಅದೇ ದಿನ ಅದೇ ಊರಿನ ಸಾಜಿಕ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯವಿತ್ತು, ಅಲ್ಲಿದ್ದವರು ಸುಮಾರು 15,000. ಕೊರಿಯಾದ ಕಂಪನಿಗಳ ಕಣ್ಣು ತೆರೆಸಿದ್ದು ಈ ಹೋಲಿಕೆ. ಆದರೆ ಮರೆಯಬಾರದ ಸಂಗತಿಯೊಂದಿದೆ: ಅದು ಟಿಕೆಟ್ ಇಲ್ಲದ ಬಯಲು. ಲಕ್ಷ ಜನರಿಂದ ಯಾವ ತಂಡದ ಖಾತೆಗೂ ಹಣ ಬಂದಿಲ್ಲ. ತಂಡಗಳನ್ನು ಸಾಕುತ್ತಿದ್ದದ್ದು ಮಾತೃಸಂಸ್ಥೆಗಳ ಪ್ರಚಾರದ ಬಜೆಟ್: ಟೆಲಿಕಾಂ, ಎಲೆಕ್ಟ್ರಾನಿಕ್ಸ್, ಹಡಗು ಕಟ್ಟುವ ಕಂಪನಿ, ಪುಸ್ತಕದ ಕಂಪನಿ. ಕಡ್ಡಾಯ ಸೇನಾಸೇವೆಗೆ ಹೋಗಬೇಕಾದ ಆಟಗಾರರಿಗಾಗಿ 2007ರಲ್ಲಿ ವಾಯುಪಡೆಯೇ ಏಸ್ ಎಂಬ ತಂಡ ಕಟ್ಟಿತು. ಅದೂ ಸೇರಿ ತಂಡಗಳು 12. 2008-09ರ ಋತುವಿನಲ್ಲಿ ಪ್ರತಿ ತಂಡಕ್ಕೆ 55 ಪಂದ್ಯ, ಅಂದರೆ ಲೀಗ್ ಹಂತದಲ್ಲೇ ಒಟ್ಟು 330. ಇಷ್ಟೆಲ್ಲ ನಡೆಯುತ್ತಿದ್ದದ್ದು ತನ್ನದಲ್ಲದ ದುಡ್ಡಿನಲ್ಲಿ, ತನ್ನದಲ್ಲದ ಗೇಮಿನ ಮೇಲೆ.

ಗೇಮಿನ ವಿಷಯಕ್ಕೆ ಬರೋಣ. 2007ರಲ್ಲಿ ಕೊರಿಯಾದ ಇ-ಸ್ಪೋರ್ಟ್ಸ್ ಸಂಘ, ಅಂದರೆ ಕೆಸ್ಪಾ, ಪ್ರೊಲೀಗ್‌ನ ಪ್ರಸಾರದ ಹಕ್ಕನ್ನು ಮೂರು ವರ್ಷಕ್ಕೆ 170 ಕೋಟಿ ವೊನ್‌ಗೆ ಮಾರಿತು. ಅಷ್ಟು ದಿನ ಲೀಗನ್ನು ಬೆಳೆಸಿದ್ದ ಚಾನೆಲ್‌ಗಳು ಸಿಡಿದೆದ್ದವು, ಕೊನೆಗೆ ರಾಜಿಯಾದವು. ಆದರೆ ಗೇಮ್ ಮಾಡಿದ ಬ್ಲಿಝಾರ್ಡ್ ಕಂಪನಿಯನ್ನು ಯಾರೂ ಕೇಳಿರಲಿಲ್ಲ. 2010ರ ಮೇನಲ್ಲಿ ಆ ಕಂಪನಿ ಕೊರಿಯಾದ ಪ್ರಸಾರದ ಹಕ್ಕನ್ನು ಗ್ರೆಟೆಕ್ ಎಂಬ ಬೇರೆ ಸಂಸ್ಥೆಗೆ ಕೊಟ್ಟಿತು, ಆಮೇಲೆ ಎರಡೂ ಚಾನೆಲ್‌ಗಳ ಮೇಲೆ ಮೊಕದ್ದಮೆ ಹೂಡಿತು. ಒಪ್ಪಂದ ಆದದ್ದು 2011ರ ಮೇನಲ್ಲಿ. ಆ ಒಂದು ವರ್ಷದ ಏಟು ದೊಡ್ಡದು. ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಲೀಗಿಗೆ ಯಾವ ಕಂಪನಿ ತಾನೇ ಹಣ ಹಾಕೀತು? ಅದೇ 2010ರಲ್ಲಿ ಮ್ಯಾಚ್ ಫಿಕ್ಸಿಂಗ್ ಬಯಲಾಯಿತು, ಹಾಲಿ ಮತ್ತು ಮಾಜಿ ಆಟಗಾರರು 11 ಮಂದಿಯನ್ನು ಕೆಸ್ಪಾ ಶಾಶ್ವತವಾಗಿ ಹೊರಹಾಕಿತು. 2011ರಲ್ಲಿ ಮೂರು ತಂಡಗಳು ಮುಚ್ಚಿದವು. 2012ರ ಜನವರಿ ಮುಗಿಯುತ್ತಿದ್ದಂತೆ ಎಂಬಿಸಿ ಗೇಮ್ ಚಾನೆಲ್ ಸಂಗೀತದ ಚಾನೆಲ್ ಆಗಿ ಬದಲಾಯಿತು.

ಸ್ಟಾರ್‌ಕ್ರಾಫ್ಟ್ 2 ಬಂದದ್ದೂ ಕಾರಣ, ನಿಜ. 2012ರ ಮೇನಿಂದ ಒಂದೇ ಪಂದ್ಯದಲ್ಲಿ ಹಳೆಯ ಗೇಮ್ ಸ್ವಲ್ಪ, ಹೊಸ ಗೇಮ್ ಸ್ವಲ್ಪ ಆಡಿಸಿದರು. ಎರಡು ದೋಣಿಯ ಮೇಲೆ ಕಾಲಿಟ್ಟ ಆ ಋತು ಹಳೆಯ ಅಭಿಮಾನಿಗಳಿಗೂ ಹಿಡಿಸಲಿಲ್ಲ, ಹೊಸಬರನ್ನೂ ತರಲಿಲ್ಲ. ಅಷ್ಟರಲ್ಲಿ ಪಿಸಿ ಬಾಂಗ್‌ಗಳಲ್ಲಿ, ಅಂದರೆ ಕೊರಿಯಾದ ಸೈಬರ್ ಕೆಫೆಗಳಲ್ಲಿ, ಹುಡುಗರು ಲೀಗ್ ಆಫ್ ಲೆಜೆಂಡ್ಸ್ ಎಂಬ ಬೇರೆ ಗೇಮಿನ ಕಡೆಗೆ ವಾಲಿದ್ದರು. ಆದರೂ ನಮ್ಮ ಅಭಿಪ್ರಾಯದಲ್ಲಿ ಈ ಲೀಗಿನ ಕತೆಯನ್ನು ಪೂರ್ತಿ ಹೇಳುವುದು 2013ರ ಆಗಸ್ಟ್‌ನ ಫೈನಲ್. ಎಸ್‌ಟಿಎಕ್ಸ್ ಸೋಲ್ ತಂಡ ವೂಂಗ್‌ಜಿನ್ ಸ್ಟಾರ್ಸ್ ತಂಡವನ್ನು ಸೋಲಿಸಿ ಕಪ್ ಎತ್ತಿತು. ಒಂದರ ಒಡೆಯರು ಹಡಗು ಉದ್ಯಮದ ಸಾಲದಲ್ಲಿ ಮುಳುಗಿದ್ದರು, ಇನ್ನೊಂದರ ಒಡೆಯರು ಹಿಂದಿನ ವರ್ಷವೇ ಕೋರ್ಟಿನ ರಕ್ಷಣೆ ಕೇಳಿದ್ದರು. ಆ ವರ್ಷ ಮುಗಿಯುವಷ್ಟರಲ್ಲಿ ಎರಡೂ ತಂಡಗಳು ಇರಲಿಲ್ಲ. ಗೆದ್ದವರೂ ಬೀದಿಗೆ, ಸೋತವರೂ ಬೀದಿಗೆ. ಆಟ ಚೆನ್ನಾಗಿ ಆಡಿದರೆ ಉಳಿಯಬಹುದಿದ್ದ ಲೀಗು ಅದಾಗಿರಲಿಲ್ಲ. 2016ರ ಅಕ್ಟೋಬರ್ 18ರಂದು ಕೆಸ್ಪಾ 14 ವರ್ಷದ ಲೀಗು ಮುಗಿಯಿತೆಂದು ಪ್ರಕಟಿಸಿತು. ಕೊಟ್ಟ ಕಾರಣಗಳು: ತಂಡಗಳು ಮತ್ತು ಆಟಗಾರರು ಕಡಿಮೆಯಾದದ್ದು, ಪ್ರಾಯೋಜಕರು ಸಿಗದಿದ್ದದ್ದು, ಮತ್ತೆ ತಲೆಯೆತ್ತಿದ ಫಿಕ್ಸಿಂಗ್.

ಇನ್ನು ನಿಮ್ಮ ಲೀಗು. ಹಳೆಯ ಸ್ಟಾರ್‌ಕ್ರಾಫ್ಟ್ 2017ರ ಏಪ್ರಿಲ್‌ನಿಂದ ಉಚಿತ, ಕಾಲೇಜು ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಹಾಗಂತ ಅನುಮತಿ ಬೇಡವೆಂದಲ್ಲ. ಪ್ರಾಯೋಜಕರ ಹೆಸರು ಹಾಕುವುದಿದ್ದರೆ, ಪ್ರಸಾರ ಮಾಡುವುದಿದ್ದರೆ ಕಂಪನಿಯ ಪಂದ್ಯಾವಳಿ ನಿಯಮ ಓದಿ, ಲಿಖಿತ ಒಪ್ಪಿಗೆ ಪಡೆಯಿರಿ. ಗೇಮು ನಮ್ಮ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇಲ್ಲಿನದೇ ಉದಾಹರಣೆಯಿದೆ: ಬೆಂಗಳೂರಿನಲ್ಲಿ ಕಚೇರಿಯಿರುವ ಕೊರಿಯಾದ ಕ್ರಾಫ್ಟನ್ ಕಂಪನಿಯ ಬಿಜಿಎಂಐ ಎಂಬ ಮೊಬೈಲ್ ಗೇಮ್ 2022ರ ಜುಲೈನಿಂದ ಸುಮಾರು ಹತ್ತು ತಿಂಗಳು ಸರ್ಕಾರದ ನಿಷೇಧದಲ್ಲಿದ್ದಾಗ ನಮ್ಮ ಹುಡುಗರ ತಂಡಗಳು ಕೈಕಟ್ಟಿ ಕೂತದ್ದು ನಿಮಗೂ ನೆನಪಿರಬೇಕು.

ಪ್ರೊಲೀಗ್‌ನಿಂದ ಎತ್ತಿಕೊಳ್ಳಲೇಬೇಕಾದದ್ದು ಅದರ ಐದು ಸೆಟ್‌ಗಳ ಪಂದ್ಯ. ಮೊದಲ ನಾಲ್ಕು ಸೆಟ್‌ಗೆ ನಾಲ್ವರು ಬೇರೆ ಬೇರೆ ಆಟಗಾರರು. ಯಾವ ಸೆಟ್ ಯಾವ ಮ್ಯಾಪ್, ಅಂದರೆ ಗೇಮಿನೊಳಗಿನ ಯಾವ ರಣಭೂಮಿ, ಎಂಬುದು ಮೊದಲೇ ಪ್ರಕಟ, ಯಾರನ್ನು ಇಳಿಸುವುದು ಎಂಬುದು ಕೋಚ್‌ನ ಲೆಕ್ಕ. 2-2 ಆದರೆ ಐದನೆಯದು ಏಸ್ ಪಂದ್ಯ, ಆಗಲೇ ಆಡಿದವನೂ ಮತ್ತೆ ಬರಬಹುದು. ಚೀಟಿಯಲ್ಲಿ ಹೆಸರು ಬರೆದು ಎರಡೂ ಕಡೆಯವರು ಒಟ್ಟಿಗೆ ಕೊಡಬೇಕು. ಮೂರನೇ ಸೆಟ್‌ನಲ್ಲಿ ಮೊದಲು ಇಬ್ಬರಿಬ್ಬರ ಆಟವಿತ್ತು, 2008-09ರಲ್ಲಿ ಅದನ್ನು ತೆಗೆದರು. ನೀವೂ ಬಿಡಿ. ಆರು ತಂಡ ಒಂದೊಂದು ಸಲ ಎದುರಾದರೆ 15 ಪಂದ್ಯ. ಸೆಟ್‌ಗೆ 20 ನಿಮಿಷ, ಕೀಬೋರ್ಡ್ ಮೌಸ್ ಜೋಡಿಸಿಕೊಳ್ಳಲು 10 ನಿಮಿಷ ಹಿಡಿದರೆ ಪಂದ್ಯಕ್ಕೆ ಎರಡೂವರೆ ಗಂಟೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಇಡಬೇಡಿ.

ಮ್ಯಾಪ್‌ಗಳ ಮೇಲೆ ಗಮನವಿರಲಿ. ಬ್ಲಿಝಾರ್ಡ್ ಈ ಗೇಮಿನ ಬಲಾಬಲ ತಿದ್ದಿದ್ದು 2001ರ 1.08 ಪ್ಯಾಚ್‌ನಲ್ಲಿ, ಅಂದರೆ ತಿದ್ದಿದ ಆವೃತ್ತಿಯಲ್ಲಿ, ಅದೇ ಕೊನೆ. ಆಮೇಲೆ ಗೇಮಿನ ಮೂರು ಪಡೆಗಳಾದ ಟೆರನ್, ಜರ್ಗ್, ಪ್ರೊಟಾಸ್‌ಗಳ ತಕ್ಕಡಿ ಸರಿದೂಗಿಸಿದ್ದು ಕೊರಿಯಾದ ಮ್ಯಾಪ್ ರಚನೆಕಾರರು. ಎರಡನೇ ನೆಲೆಯ ಬಾಯಿ ಅಗಲವಾದರೆ ಪ್ರೊಟಾಸ್ ಕಟ್ಟಡಗಳಿಂದ ಅದನ್ನು ಮುಚ್ಚಲಾಗದು, ಜರ್ಗ್‌ನ ಮರಿಗಳು ಒಳನುಗ್ಗುತ್ತವೆ. ಪಡೆ ಕಟ್ಟಲು ಬೇಕಾದ ಸಂಪನ್ಮೂಲ ಎರಡು, ಖನಿಜ ಮತ್ತು ಗ್ಯಾಸ್. ಅದೇ ನೆಲೆಯಲ್ಲಿ ಗ್ಯಾಸ್ ಇಡದೆ ಖನಿಜ ಮಾತ್ರ ಇಟ್ಟರೆ, ಗ್ಯಾಸ್ ನಂಬಿದ ಜರ್ಗ್ ಸೊರಗುತ್ತದೆ. ಹೊಸ ಮ್ಯಾಪಿನ ಸಾಹಸ ಬೇಡ. ಕೊರಿಯಾದಲ್ಲಿ ವರ್ಷಗಟ್ಟಲೆ ಆಡಿ ಪಳಗಿದ ಫೈಟಿಂಗ್ ಸ್ಪಿರಿಟ್‌ನಂಥ ನಾಲ್ಕೈದು ಮ್ಯಾಪ್ ಸಾಕು.

ಇನ್ನೊಂದು ತೊಂದರೆ ಸದ್ದಿನದು. ಕೊರಿಯನ್ನರು ಅದನ್ನು ಕಿವಿಯ ಮ್ಯಾಪ್ ಎನ್ನುತ್ತಿದ್ದರು. ಎದುರಾಳಿ ಗುಟ್ಟಾಗಿ ಏನೋ ಕಟ್ಟುತ್ತಿರುವುದು ದೊಡ್ಡ ಪರದೆಯಲ್ಲಿ ಕಂಡೊಡನೆ ಪ್ರೇಕ್ಷಕರು ಹೋ ಎನ್ನುತ್ತಾರೆ, ವೇದಿಕೆಯಲ್ಲಿದ್ದವನಿಗೆ ಅಷ್ಟು ಸುಳಿವು ಸಾಕು. ಅಲ್ಲಿ ಗಾಜಿನ ಕೋಣೆ ಕಟ್ಟಿದರು, ಅದೂ ಸಾಲಲಿಲ್ಲ. ಕೊನೆಗೆ ಗೇಮಿನ ಸದ್ದಿಗೆ ಕಿವಿಯೊಳಗಿನ ಇಯರ್‌ಫೋನ್, ಅದರ ಮೇಲೆ ಬರೀ ಸರ್ರೆನ್ನುವ ಸದ್ದು ಬಿಡುವ ದೊಡ್ಡ ಹೆಡ್‌ಫೋನ್ ಹಾಕಿಸಿದರು. ಗಾಜಿನ ಕೋಣೆ ಕಟ್ಟಲಾಗದಿದ್ದರೆ ಆಟಗಾರರನ್ನು ಪಕ್ಕದ ಲ್ಯಾಬಿನಲ್ಲಿ ಕೂರಿಸಿ, ಪರದೆಯನ್ನು ಸಭಾಂಗಣದಲ್ಲಿ ಇಡಿ.

ಆಟ ನಿಲ್ಲಿಸುವ ನಿಯಮ ಸರಳವಾಗಿರಲಿ. ಪ್ರೊಲೀಗ್‌ನಲ್ಲಿ ತೊಂದರೆಯಾದರೆ ಪಿ ಅಕ್ಷರವನ್ನು ಮೂರು ಸಲ ಒತ್ತಬೇಕಿತ್ತು. ಗಡಿಬಿಡಿಯಲ್ಲಿ ಎರಡೇ ಸಲ ಒತ್ತಿದ ಆಟಗಾರನಿಗೆ ಸೋಲಿನ ತೀರ್ಪು ಬಂತು. ಹತ್ತೊಂಬತ್ತು ಇಪ್ಪತ್ತರ ಹುಡುಗನ ತಿಂಗಳುಗಟ್ಟಲೆ ಅಭ್ಯಾಸವನ್ನು ಒಂದು ಅಕ್ಷರಕ್ಕೆ ಬಲಿಕೊಡುವುದು ಅನ್ಯಾಯ. ಕೈ ಎತ್ತಿದರೆ ಸಾಕು ಎಂದು ಬರೆದುಕೊಳ್ಳಿ.

ಕರೆಂಟಿನ ವಿಷಯವನ್ನಂತೂ ಹಗುರವಾಗಿ ತೆಗೆದುಕೊಳ್ಳಬೇಡಿ. 2010ರ ಜನವರಿ 23ರಂದು ಎಂಬಿಸಿ ಗೇಮ್‌ನ ವೈಯಕ್ತಿಕ ಲೀಗಿನ ಫೈನಲ್. ಜೇಡಾಂಗ್ ಮತ್ತು ಫ್ಲ್ಯಾಶ್, ಆ ಕಾಲದ ಇಬ್ಬರು ಮಹಾನ್ ಆಟಗಾರರು. ಮೂರನೇ ಸೆಟ್ ನಡುವೆ ಕರೆಂಟು ಹೋಯಿತು. ಚಳಿಗೆ ಹಚ್ಚಿದ್ದ ಹೀಟರಿನ ಭಾರ ತಡೆಯಲಿಲ್ಲವೆಂಬುದು ಆಗ ಕೇಳಿಬಂದ ಕಾರಣ. ತೀರ್ಪುಗಾರರು ಸೆಟ್ಟನ್ನು ಮತ್ತೆ ಆಡಿಸದೆ ಜೇಡಾಂಗ್ ಮೇಲುಗೈ ಪಡೆದಿದ್ದಾನೆಂದು ಅವನಿಗೇ ಕೊಟ್ಟರು. ಅದರ ಜಗಳ ವರ್ಷಗಳಾದರೂ ಆರಲಿಲ್ಲ. ನಿಮ್ಮಲ್ಲಿ ಹೀಟರ್ ಇಲ್ಲ, ಏಸಿ ಇದೆ, ಅಷ್ಟೇ ವ್ಯತ್ಯಾಸ. ಆಟದ ಕಂಪ್ಯೂಟರುಗಳಿಗೆ ಬೇರೆಯೇ ಲೈನು ಎಳೆಸಿ, ಮಾನಿಟರ್ ಮತ್ತು ನೆಟ್‌ವರ್ಕ್ ಸ್ವಿಚ್‌ಗೂ ಸೇರಿ ಯುಪಿಎಸ್ ಕೊಡಿ. ಕರೆಂಟು ಹೋದರೆ ಸೆಟ್ ಮತ್ತೆ ಆಡಿಸುವುದೋ, ತೀರ್ಪು ಕೊಡುವುದೋ, ಕೊಡುವುದಾದರೆ ಯಾರು ಎಂಬುದನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಬರೆದು ಆರೂ ಕಾಲೇಜುಗಳಿಂದ ಸಹಿ ಹಾಕಿಸಿಕೊಳ್ಳಿ.