ರಾಣಿ ಸಖಿಯರಿಗೋಸ್ಕರ ಸರ್ಕಾರನೇ ನಿಂತುಹೋಯ್ತಾ?

ಪ್ರಶ್ನೆ: ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ತನ್ನ ಅರಮನೆ ಹೆಂಗಸರನ್ನ ಬದಲಾಯಿಸೋಕೆ ಒಪ್ಪದೆ ಒಬ್ರು ಪ್ರಧಾನಿ ಆಗೋದನ್ನೇ ತಪ್ಪಿಸಿದ್ರಂತೆ. ಬಟ್ಟೆ ಒಡವೆ ನೋಡ್ಕೊಳ್ಳೋರಿಗೋಸ್ಕರ ಇಷ್ಟೊಂದು ರಂಪನಾ ಸಾರ್?

ಉತ್ತರ: ಅವರನ್ನ ಕೆಲಸದವರು ಅಂದ್ಕೋಬೇಡಿ. ಎಲ್ಲ ದೊಡ್ಡ ಮನೆತನದ ಹೆಂಗಸರು, ರಾಣಿ ಜೊತೆ ಊಟಕ್ಕೆ ಕೂರೋರು, ಸಾರೋಟಲ್ಲಿ ಜೊತೆಗೆ ಹೋಗೋರು, ಅವರಲ್ಲಿ ಎಷ್ಟೋ ಜನರ ಗಂಡನೋ ಅಣ್ಣತಮ್ಮನೋ ಆಗ ಅಧಿಕಾರದಲ್ಲಿದ್ದ ವಿಗ್ ಪಕ್ಷದ ಲೀಡರ್‌ಗಳು. ಲೇಡಿ ನಾರ್ಮನ್‌ಬಿ ಗಂಡ ಆಗ ವಸಾಹತು ಖಾತೆ ಮಂತ್ರಿ, ಅಂದ್ಮೇಲೆ ಲೆಕ್ಕ ಹಾಕ್ಕೊಳ್ಳಿ.

1839ರ ಮೇ ತಿಂಗಳಲ್ಲಿ ಜಮೈಕಾ ವಸಾಹತಿನ ಶಾಸನಸಭೆನ ಅಮಾನತು ಮಾಡೋ ಮಸೂದೆ ಪಾರ್ಲಿಮೆಂಟಲ್ಲಿ ಬರೀ 5 ವೋಟಿನ ಅಂತರದಲ್ಲಿ ಪಾಸಾಯ್ತು, ಇದು ಗೆದ್ದೂ ಸೋತಂಗೆ ಅಂತ ವಿಗ್ ಪ್ರಧಾನಿ ಮೆಲ್ಬರ್ನ್ ರಾಜೀನಾಮೆ ಕೊಟ್ರು. ರಾಣಿಗೆ ಇನ್ನೂ 20 ತುಂಬಿರ್ಲಿಲ್ಲ, ಹುಟ್ಟಿ ವರ್ಷ ತುಂಬೋಕ್ಮುಂಚೆನೇ ಅಪ್ಪನ್ನ ಕಳ್ಕೊಂಡಿದ್ದ ಹುಡುಗಿ, ಪಟ್ಟಕ್ಕೆ ಬಂದಾಗಿಂದ ರಾಜಕೀಯ ಕಲಿಸಿದ್ದೇ ಮೆಲ್ಬರ್ನ್, ಅವರು ಹೋಗ್ತಾರೆ ಅಂದಾಗ ಅತ್ತೇಬಿಟ್ಲು. ಎದುರು ಪಕ್ಷವಾದ ಟೋರಿಗಳ ಹಿರಿಯ ವೆಲಿಂಗ್ಟನ್ ಡ್ಯೂಕ್‌ನ ಸರ್ಕಾರ ಮಾಡಿ ಅಂತ ಕರೆದ್ರೆ ಅವರು ನನ್ನ ಕೈಲಾಗಲ್ಲ, ರಾಬರ್ಟ್ ಪೀಲ್‌ನ ಕರೀರಿ ಅಂದ್ರು. ಪೀಲ್ ಟೋರಿ, ಮಾತು ಕಮ್ಮಿ, ಬಿಗುಮಾನದ ಮನುಷ್ಯ, ರಾಣಿಗೆ ಮೊದಲೇ ಆಗ್ತಿರ್ಲಿಲ್ಲ.

ಪೀಲ್ ಕೇಳಿದ್ದು ತಪ್ಪು ಅಂತ ನನಗಂತೂ ಅನ್ಸಲ್ಲ. ಪಾರ್ಲಿಮೆಂಟಿನ ಕೆಳಮನೆ ಕಾಮನ್ಸ್ ಸಭೇಲಿ ಬಹುಮತ ಇಲ್ಲ, ಅದಕ್ಕೆ ರಾಣಿಗೆ ನನ್ನ ಮೇಲೆ ನಂಬಿಕೆ ಇದೆ ಅಂತ ಜನಕ್ಕೆ ಕಾಣ್ಲಿ, ಸಖಿಯರಲ್ಲಿ ಕೆಲವರನ್ನ ಬದಲಾಯಿಸಿ ಅಂದ್ರು. ಒಬ್ಬರನ್ನೂ ಬಿಡಲ್ಲ ಅಂದ್ಲು ರಾಣಿ. ಅಷ್ಟೇ ಅಲ್ಲ, ಎಲ್ಲರನ್ನೂ ತೆಗೀಬೇಕಂತೆ ಅನ್ನೋ ಹಾಗೆ ಮೆಲ್ಬರ್ನ್‌ಗೆ ಕಾಗದ ಬರೆದ್ಲು! ಹಳೇ ಕ್ಯಾಬಿನೆಟ್ ಅದನ್ನೇ ನಂಬ್ಕೊಂಡು ರಾಣಿ ಬೆನ್ನಿಗೆ ನಿಂತ್ತು, ಪೀಲ್ ಕೈ ತೊಳ್ಕೊಂಡ್ರು, ಮೆಲ್ಬರ್ನ್ ವಾಪಸ್ ಬಂದು ಕೂತ್ರು. ಆಸ್ಕಟ್ ಕುದುರೆ ರೇಸಲ್ಲಿ ರಾಣಿಗೆ "ಮಿಸೆಸ್ ಮೆಲ್ಬರ್ನ್" ಅಂತ ಕೂಗಿದ್ದೂ ಆ ವರ್ಷನೇ.

ಪ್ರಶ್ನೆ: ಹಾಗಾದ್ರೆ ಪೀಲ್ ಪ್ರಧಾನಿ ಆಗ್ಲೇ ಇಲ್ವಾ?

ಉತ್ತರ: ಅದಕ್ಕೂ ಮುಂಚೆ 1834ರಲ್ಲೇ ಒಂದ್ಸಲ ಆಗಿದ್ರು. 1841ರ ಚುನಾವಣೇಲಿ ಟೋರಿಗಳು ಗೆದ್ದಾಗ ಮತ್ತೆ ಬಂದ್ರು. ಅಷ್ಟೊತ್ತಿಗೆ ರಾಣಿಗೆ ಆಲ್ಬರ್ಟ್ ಜೊತೆ ಮದುವೆ ಆಗಿತ್ತು, ಆತ ತನ್ನ ಸೆಕ್ರೆಟರಿ ಕೈಲಿ ಪೀಲ್ ಹತ್ರ ಮೊದಲೇ ಮಾತಾಡ್ಸಿ ಇಟ್ಟಿದ್ದ, ಮೂರು ಜನ ಹೆಂಗಸರು ತಾವಾಗೇ ರಾಜೀನಾಮೆ ಕೊಟ್ರು. ಲೇಡಿ ನಾರ್ಮನ್‌ಬಿನೂ ಅದರಲ್ಲಿ ಒಬ್ರು.