ಗಂಡ ಹೆಂಡತಿ ಇಬ್ಬರೂ ದುಡಿಯುವಾಗ ಮನೆ ಖರ್ಚು, ಕೈಖರ್ಚು ಹೇಗೆ ಹಂಚಿಕೊಳ್ಳಬೇಕು?

ಅರ್ಧರ್ಧ ಅನ್ನೋದು ಸಂಬಳ ಹೆಚ್ಚುಕಡಿಮೆ ಒಂದೇ ಇದ್ದಾಗ ಮಾತ್ರ ನ್ಯಾಯ. ಒಬ್ಬರಿಗೆ 90,000, ಇನ್ನೊಬ್ಬರಿಗೆ 60,000 ಬರುತ್ತೆ, ಮನೆ ಖರ್ಚು 50,000 ಅಂತಿಟ್ಟುಕೊಳ್ಳಿ. ಸಂಬಳದ ಅನುಪಾತದಲ್ಲಿ 30,000 ಮತ್ತು 20,000 ಹಾಕಿದರೆ ಯಾರಿಗೂ ಭಾರವಾಗಲ್ಲ. ಇದಕ್ಕೆಂದೇ ಒಂದು ಜಂಟಿ ಖಾತೆ ತೆರೆಯಿರಿ. ಬಾಡಿಗೆ, ಮೇಂಟೆನೆನ್ಸ್, ಬೆಸ್ಕಾಂ ಬಿಲ್, ದಿನಸಿ ಎಲ್ಲ ಅಲ್ಲಿಂದಲೇ ಹೋಗಲಿ. ಮನೆ ಅಡ್ವಾನ್ಸಿಗೆ ಯಾರು ಎಷ್ಟು ಹಾಕಿದ್ರಿ ಅಂತಲೂ ಬರೆದಿಡಿ. ಬೆಂಗಳೂರಲ್ಲಿ ಅದೇನು ಸಣ್ಣ ಮೊತ್ತವಲ್ಲ.

ಕೈಖರ್ಚಿಗೆ ಮಾತ್ರ ಅನುಪಾತ ಬೇಡ, ಇಬ್ಬರಿಗೂ ಒಂದೇ ಮೊತ್ತ ಇರಲಿ. ಅದರಲ್ಲಿ ಒಬ್ಬರು ಮಲ್ಲೇಶ್ವರದ ಎಂಟನೇ ಕ್ರಾಸಲ್ಲಿ ಕುರ್ತಾ ಕೊಂಡರೂ, ಇನ್ನೊಬ್ಬರು ಬೈಕಿಗೆ ಸುರಿದರೂ ಲೆಕ್ಕ ಕೇಳಬಾರದು. (ಫೋನ್‌ಪೇ ಹಿಸ್ಟರಿ ಇಣುಕೋದೂ ಲೆಕ್ಕ ಕೇಳಿದಂತೆಯೇ!) ಮುಂದೆ ಒಬ್ಬರು ಕೆಲಸ ಬಿಟ್ಟು ಮನೇಲಿದ್ದರೂ ಅಷ್ಟೇ ಮೊತ್ತ ಅವರ ಖಾತೆಗೆ ತಾನಾಗಿ ಹೋಗಲಿ, ಪ್ರತಿ ಸಲ ಕೈಯೊಡ್ಡುವಂತಾಗಬಾರದು. ಊರಲ್ಲಿರೋ ಅಪ್ಪ-ಅಮ್ಮಂದಿರಿಗೆ ಕಳಿಸೋ ದುಡ್ಡು ಮನೆ ಖರ್ಚಲ್ಲೇ ಸೇರಲಿ. ಅದನ್ನ ಕೈಖರ್ಚಿಗೆ ತಳ್ಳಿದರೆ ಜಗಳ ಗ್ಯಾರಂಟಿ.

ಇನ್ನು ತೆರಿಗೆ. ಸಂಗಾತಿಗೆ ಕೊಟ್ಟ ಹಣಕ್ಕೆ ಅವರು ತೆರಿಗೆ ಕಟ್ಟಬೇಕಿಲ್ಲ. ಆದರೆ ಆ ಹಣವನ್ನ ಅವರ ಹೆಸರಲ್ಲಿ ಎಫ್‌ಡಿ ಇಟ್ಟರೆ, ಅದರ ಬಡ್ಡಿ, ಹಣ ಕೊಟ್ಟವರ ಆದಾಯಕ್ಕೇ ಸೇರುತ್ತೆ.